ಹೊರರಾಜ್ಯದ ವಿದ್ಯೆಯ ತೂಕ

ಬಹರೈನಿನ ಅದ್ಲಿಯಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಅಡಿಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಒಂದು ಸ್ಪ್ರಿಂಗ್ ತಕ್ಕಡಿ ನೇತಾಡುತ್ತಿರುತ್ತದೆ. ಅಂಗೈಯಗಲದ ಗುಂಡು ಮುಖ, ಗಾಜಿನೊಳಗೊಂದು ಕೆಂಪು ಮುಳ್ಳು, ಕೆಳಗೊಂದು ಕೊಕ್ಕೆ. ಯಾರೋ ಎಸೆದದ್ದನ್ನು ಎತ್ತಿ ತಂದಂತೆ ಕಾಣುವ ಈ ಬಡಪಾಯಿ ವಸ್ತುವಿಗೆ ನಮ್ಮ ಮನೆಯಲ್ಲಿ ದೇವರ ಪಟದ ನಂತರದ ಸ್ಥಾನ. ಊರಿಗೆ ಹೊರಡುವ ಮುನ್ನ ಸೂಟ್‌ಕೇಸನ್ನು ಇದರ ಕೊಕ್ಕೆಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತಿ, ಮುಳ್ಳು ನಡುಗಿ ನಿಲ್ಲುವವರೆಗೆ ಕಾಯುವ ಆ ಎರಡು ಗಳಿಗೆಗಳಲ್ಲಿ ಕೊಲ್ಲಿ ದೇಶದ ಸಂಸಾರವೊಂದು ಪಡುವ ಆತಂಕವನ್ನು ನೀವು ಅನುಭವಿಸಿಯೇ ತಿಳಿಯಬೇಕು. ಆಗ ಒಳಗಿನಿಂದ ನನ್ನ ಹೆಂಡತಿ ವಾರಿಜ ತಪ್ಪದೆ ಕೇಳುವ ಪ್ರಶ್ನೆ ಒಂದೇ: "ಎಷ್ಟು ಬಂತು?" ಇಪ್ಪತ್ತೆರಡು ವರ್ಷಗಳಿಂದ ನಾನು ಆ ಪ್ರಶ್ನೆಗೆ ಕರಾರುವಾಕ್ಕಾದ ಉತ್ತರ ಕೊಡುತ್ತ ಬಂದಿದ್ದೇನೆ.

ಕೊಡದೆ ಇರಲು ಸಾಧ್ಯವೇ? ವೃತ್ತಿಯಿಂದ ನಾನು ಸ್ಟೋರ್‌ಕೀಪರ್. ಅಸ್ಕರ್ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಬೇರಿಂಗು, ಬೋಲ್ಟು, ರಬ್ಬರ್ ಪಟ್ಟಿಗಳ ನಡುವೆ ನನ್ನ ಯೌವನ ಕಳೆದುಹೋಗಿದೆ. ಯಾವ ಸಾಮಾನು ಎಷ್ಟು ಬೇಕು, ಯಾವುದು ಬೇಡ ಎಂದು ಕಣ್ಣಳತೆಯಲ್ಲೇ ಹೇಳಬಲ್ಲೆನೆಂಬ ಸಣ್ಣ ಜಂಬವೂ ನನಗುಂಟು. ಮೂರು ವರ್ಷ ಯಾರೂ ಕೇಳಿ ಬಾರದ ಸಾಮಾನಿಗೆ ನಮ್ಮಲ್ಲಿ ಡೆಡ್ ಸ್ಟಾಕ್ ಎಂದು ಹೆಸರು. ಅದಕ್ಕೆ ಕೆಂಪು ಚೀಟಿ ಅಂಟಿಸಿ ನಿರ್ದಾಕ್ಷಿಣ್ಯವಾಗಿ ಗುಜರಿಗೆ ಕಳಿಸುವವನು ನಾನೇ. ಈ ಕಠೋರ ವಿವೇಕವನ್ನು ಮನೆಗೂ ತಂದವನು ನಾನು. ಸೂಟ್‌ಕೇಸಿನ ತೂಕ ಮೀರಿದಾಗ ಏನನ್ನು ಹೊರಗೆ ತೆಗೆಯಬೇಕೆಂಬ ತೀರ್ಪು ನನ್ನದೇ, ಮತ್ತು ನನ್ನ ತೀರ್ಪಿನಲ್ಲಿ ಮೊದಲು ಹೊರಬೀಳುವುದು ಯಾವಾಗಲೂ ಪುಸ್ತಕ. ನನ್ನೊಬ್ಬನನ್ನೇ ದೂರಬೇಡಿ. ಮುಹರ್ರಕ್‌ನ ವಿಮಾನ ನಿಲ್ದಾಣದಲ್ಲಿ ಒಮ್ಮೆ ನಿಂತು ನೋಡಿ. ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚಿ ಕೂತವರೆಲ್ಲ ಹಾಲಿನ ಪುಡಿಯನ್ನು ಒಳಗೆ ಒತ್ತಿ ಮಕ್ಕಳ ಪುಸ್ತಕಗಳನ್ನು ಹೊರಗೆ ತೆಗೆಯುತ್ತಿರುತ್ತಾರೆ.

ಇಂಥ ತೂಕದ ಮನುಷ್ಯನ ಮಗಳು ಅನ್ವಿತಾ, ಹನ್ನೆರಡನೆಯ ತರಗತಿ ಮುಗಿಸಿದ ವರ್ಷ, ಅಮೆರಿಕದ ಒಂದು ರಾಜ್ಯದ ಸರಕಾರಿ ವಿಶ್ವವಿದ್ಯಾಲಯದಲ್ಲಿ ತನಗೆ ಸೀಟು ಸಿಕ್ಕಿದೆಯೆಂದು ಬಂದು ನಿಂತಳು. ಸುತ್ತ ಜೋಳದ ಹೊಲ, ನಡುವೆ ಒಂದು ಪಟ್ಟಣದಷ್ಟು ಜನ ಓದುವ ವಿದ್ಯಾಲಯ. ಅವಳು ಕಲಿಯಹೊರಟದ್ದು ಮೀನಿನ ವಿಷಯ. ದ್ವೀಪದಲ್ಲಿ ಹುಟ್ಟಿ ಬೆಳೆದ ಹುಡುಗಿ ಮೀನಿನ ಬಗ್ಗೆ ಕಲಿಯಲು ಸಮುದ್ರವೇ ಇಲ್ಲದ ರಾಜ್ಯಕ್ಕೆ ಹೋಗುವುದೆಂದರೆ ನಮ್ಮೂರಿನವರ ಕೂಟದಲ್ಲಿ ಒಂದು ತಿಂಗಳಿಗಾಗುವಷ್ಟು ನಗೆ. ನಾನೂ ನಕ್ಕೆ. ಅಲ್ಲಿ ಕೆರೆಗಳಿವೆ, ಹೊಳೆಗಳಿವೆ, ಮೀನಿನ ಬಗ್ಗೆ ಆಯುಷ್ಯ ಸವೆಸಿದ ಮೇಷ್ಟ್ರುಗಳಿದ್ದಾರೆ ಎಂದು ಅವಳು ಸಮಾಧಾನದಿಂದ ಹೇಳಿದಳು. ಆಮೇಲೆ ಶುಲ್ಕದ ಪತ್ರ ನೋಡಿದೆ, ನಗು ನಿಂತಿತು. ಆ ರಾಜ್ಯದ ಮಕ್ಕಳಿಗೆ ಒಂದು ಶುಲ್ಕ, ಹೊರರಾಜ್ಯದವರಿಗೆ ಅದರ ಹಲವು ಪಟ್ಟು.

ಹೊರರಾಜ್ಯದವರು ಎಂಬ ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಬಹಳ ದಿನ ಚುಚ್ಚಿತು. ಹಾಗಾದರೆ ನನ್ನ ಮಗಳು ಒಳರಾಜ್ಯದವಳಾಗುವುದು ಎಲ್ಲಿ? ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲಿ, ಆದರೆ ಇಲ್ಲಿ ಅವಳು ನನ್ನ ವೀಸಾದ ಬಾಲ. ನನ್ನ ಕೆಲಸ ಹೋದ ದಿನ ಅವಳ ಗುರುತಿನ ಚೀಟಿಗೂ ಬೆಲೆಯಿಲ್ಲ. ಮಲ್ಪೆ ನಮ್ಮೂರು, ಆದರೆ ಕರ್ನಾಟಕದಲ್ಲಿ ಇಷ್ಟು ವರ್ಷ ಓದಿದವರಿಗೆ ಮಾತ್ರ ಕರ್ನಾಟಕದ ಸೀಟು. ಇವಳು ಓದಿದ್ದೆಲ್ಲ ಬಹರೈನಿನಲ್ಲಿ, ಆದ್ದರಿಂದ ಅಜ್ಜನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ಕಾಲೇಜಿನಲ್ಲೂ ಇವಳಿಗೆ ಎನ್ನಾರೈ ಲೆಕ್ಕ. ಇಡೀ ಭೂಮಂಡಲದಲ್ಲಿ ನನ್ನ ಮಗಳು ಹೊರರಾಜ್ಯದವಳೇ ಎಂದು ಹೊಳೆದ ದಿನ ನನಗೆ ನಿಜಕ್ಕೂ ಸಂಕಟವಾಯಿತು.

ಸಂಕಟದಲ್ಲಿ ನಾನೊಂದು ಕೆಲಸ ಮಾಡಿದೆ. ಕೊಲ್ಲಿಯಲ್ಲಿ ಬಾಳಿದವರಿಗೆ ಮಾತ್ರ ಹೊಳೆಯುವ ಕೆಲಸ. ಕಾಗದಕ್ಕೆ ಸಾಕಷ್ಟು ಮೊಹರು ಬಿದ್ದರೆ ಜಗತ್ತಿನಲ್ಲಿ ಆಗದ್ದು ಯಾವುದೂ ಇಲ್ಲವೆಂಬುದು ನಮ್ಮ ಗಾಢ ನಂಬಿಕೆ. ಅವಳ ಜನನ ಪತ್ರ, ಅಂಕಪಟ್ಟಿ, ನನ್ನ ಸಂಬಳದ ಪತ್ರ, ಶಾಲೆಯವರು ಕೊಟ್ಟ ಸನ್ನಡತೆಯ ಪತ್ರ, ಎಲ್ಲದಕ್ಕೂ ನೋಟರಿಯ ಮೊಹರು, ಸರಕಾರಿ ಕಚೇರಿಯ ಮೊಹರು, ಅದರ ಮೇಲೆ ರಾಯಭಾರ ಕಚೇರಿಯ ಮೊಹರು. ಅರ್ಧ ಕಿಲೋ ತೂಗುವ ಆ ಕಟ್ಟಿನ ಮೇಲೆ ನನ್ನದೇ ಒಕ್ಕಣೆಯ ಮೂರು ಪುಟದ ಪತ್ರವಿಟ್ಟೆ. ಈ ಹುಡುಗಿ ಯಾವ ರಾಜ್ಯಕ್ಕೂ ಸೇರಿದವಳಲ್ಲ ಎಂಬುದು ಲಗತ್ತಿಸಿದ ದಾಖಲೆಗಳಿಂದ ಸಿದ್ಧವಾಗುವುದರಿಂದ, ದಯಮಾಡಿ ನಿಮ್ಮ ರಾಜ್ಯದವಳೆಂದೇ ಪರಿಗಣಿಸಬೇಕು ಎಂಬುದು ಅದರ ಸಾರಾಂಶ. ಕಟ್ಟನ್ನು ಕೊರಿಯರಿಗೆ ಕೊಟ್ಟು ಬಂದ ಸಂಜೆ ನಾನೊಬ್ಬ ಮಹಾ ವಕೀಲನಂತೆ ಬೀಗಿದ್ದುಂಟು.

ಮೂರು ವಾರಗಳಲ್ಲಿ ಕಟ್ಟು ಹಿಂದಿರುಗಿತು. ಒಂದು ಮೂಲೆಯೂ ಮಡಿಯದಂತೆ ರಟ್ಟಿನ ನಡುವೆ ಇಟ್ಟು ಕಳಿಸಿದ್ದರು. ಜೊತೆಯಲ್ಲಿದ್ದ ಪತ್ರವನ್ನು ಬರೆದವಳು ಅಲ್ಲಿಯ ಕಚೇರಿಯ ಒಬ್ಬ ಗುಮಾಸ್ತೆ. ಇವು ಮೂಲಪ್ರತಿಗಳು, ನಿಮಗೆ ಮುಂದೆ ಬೇಕಾಗುತ್ತವೆ, ನಮಗೆ ಇವುಗಳ ಅಗತ್ಯವಿಲ್ಲ ಎಂದು ಮೊದಲ ಸಾಲು. ಶುಲ್ಕ ಕಡಿಮೆ ಮಾಡುವ ಅಧಿಕಾರ ನನಗಿಲ್ಲ ಎಂದು ಎರಡನೆಯದು. ಆದರೆ ಮೀನಿನ ವಿಭಾಗದಲ್ಲಿ ಹೆಚ್ಚು ಜನ ಅರ್ಜಿ ಹಾಕದ ಒಂದು ಸಣ್ಣ ವಿದ್ಯಾರ್ಥಿವೇತನವಿದೆ, ಅದಕ್ಕೆ ಹೀಗೆ ಬರೆಯಬೇಕು. ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳಿಗೆ ಕೆಲಸವಿರುತ್ತದೆ, ಬಂದ ಮೊದಲ ವಾರವೇ ಕೇಳಬೇಕು ಎಂದು ಉಳಿದ ಪುಟವಿಡೀ ಸೂಚನೆಗಳು. ಕೊನೆಯಲ್ಲಿ, ನಿಮ್ಮ ಪತ್ರವನ್ನು ಪೂರ್ತಿ ಓದಿದೆ ಎಂದಿತ್ತು. ಅಷ್ಟು ದೊಡ್ಡ ವಿದ್ಯಾಲಯದಲ್ಲಿ ಯಾರೋ ಒಬ್ಬಳು ಕೂತು ನನ್ನ ಮೂರು ಪುಟದ ಪುರಾಣವನ್ನು ಪೂರ್ತಿ ಓದಿದ್ದಳು. ಇಲ್ಲಿ ಯಾವ ಕಿಟಕಿಯಲ್ಲೂ ನನ್ನ ಅರ್ಜಿಯ ಎರಡನೆಯ ಸಾಲಿಗೆ ಯಾರೂ ಇಳಿದದ್ದಿಲ್ಲ. ಆ ಪತ್ರ ನನ್ನನ್ನು ಅರ್ಧ ಸೋಲಿಸಿತು, ವಿದ್ಯಾರ್ಥಿವೇತನ ಬಂದದ್ದು ಇನ್ನರ್ಧವನ್ನು.

ಹೊರಡುವ ದಿನ ತಕ್ಕಡಿ ಮೊಳೆಯಿಂದ ಇಳಿಯಿತು. ಅಮೆರಿಕದ ವಿಮಾನಕ್ಕೆ ಇಪ್ಪತ್ತಮೂರು ಕಿಲೋದ ಎರಡು ಪೆಟ್ಟಿಗೆ. ವಾರಿಜ ಐದು ಕಿಲೋ ಕುಚ್ಚಲಕ್ಕಿ ತುಂಬಿಸಿದ್ದಳು, ಉಪ್ಪಿನಕಾಯಿ, ಹಪ್ಪಳ, ಕೊಬ್ಬರಿ ಎಣ್ಣೆ ಎಲ್ಲ ಇಟ್ಟಿದ್ದಳು. ಮುಳ್ಳು ಇಪ್ಪತ್ತಾರರ ಹತ್ತಿರ ನಿಂತಿತು. ನಾನು ಅಭ್ಯಾಸಬಲದಿಂದ ಪುಸ್ತಕಗಳ ಕಟ್ಟಿಗೆ ಕೈ ಹಾಕಿದೆ. ಅದರಲ್ಲೊಂದು ಎಂಬತ್ತು ಪುಟದ ಹಳೆಯ ನೋಟ್‌ಬುಕ್ಕಿತ್ತು, ನನ್ನ ತಂದೆಯವರದು.

ನನ್ನ ತಂದೆ ಮಲ್ಪೆಯಲ್ಲಿ, ಹತ್ತಾರು ಜನ ದಡದಲ್ಲಿ ನಿಂತು ಹಗ್ಗ ಹಿಡಿದೆಳೆಯುವ ರಂಪಣಿ ಬಲೆಯವರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರಿಗೆ ಯಾಕೆ ಆ ಹುಚ್ಚು ಹಿಡಿಯಿತೋ ತಿಳಿಯದು, ಹಲವು ವರ್ಷ ದಿನವೂ ಯಾವ ಮೀನು ಬಂತು, ಗಾಳಿ ಯಾವ ಕಡೆಯದು, ನೀರು ತಿಳಿಯೋ ಕಲಕೋ ಎಂದು ಎರಡೆರಡು ಸಾಲು ಬರೆದಿಟ್ಟರು. ಬಂಗುಡೆ, ತೆಂಕು ಗಾಳಿ, ನೀರು ತಿಳಿ. ಬೂತಾಯಿ ಇಲ್ಲ, ನೀರು ಕೆಂಪು. ಇಂಥವೇ ಸಾಲುಗಳು. ಮೊಮ್ಮಗಳಿಗೆ ತುಳು ಕಿವಿಗೆ ಗೊತ್ತು, ಕನ್ನಡದ ಅಕ್ಷರ ಕಣ್ಣಿಗೆ ಗೊತ್ತಿಲ್ಲ. ಓದಲಾರದ ಆ ಪುಸ್ತಕವನ್ನು ಅವಳು ಒಯ್ಯುವುದು ಯಾಕೆಂದು ನಾನು ಕೇಳಿದೆ. ಫೋಟೋ ತೆಗೆದು ಕಳಿಸುತ್ತೇನೆ ಎಂದು ಹೇಳಿ, ಮೂರು ದಪ್ಪ ಪುಸ್ತಕಗಳ ಜೊತೆಗೆ ಅದನ್ನೂ ಹೊರಗೆ ತೆಗೆದೆ. ಅವಳು ಪೆಟ್ಟಿಗೆ ಮುಚ್ಚಿದಳು. ಅಕ್ಕಿ ಹೋಯಿತು, ನೋಟ್‌ಬುಕ್ ಉಳಿಯಿತು, ಫೋಟೋವನ್ನು ನಾನು ಕಳಿಸಲೂ ಇಲ್ಲ.

ಮೊದಲ ಆರು ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ಒಂದೊಂದು ತರಗತಿಯಲ್ಲಿ ನೂರಾರು ಮಕ್ಕಳು, ಮೇಷ್ಟ್ರು ದೂರದಲ್ಲಿ ಬೆರಳಷ್ಟು ಕಾಣುತ್ತಾರೆ, ಹೆಸರು ಹಿಡಿದು ಕರೆಯುವವರಿಲ್ಲ, ಕ್ಯಾಂಟೀನಿನಲ್ಲಿ ಸಾವಿರ ಜನರ ನಡುವೆ ಒಬ್ಬಳೇ ಕೂತು ಉಣ್ಣುತ್ತೇನೆ ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಗ್ರಂಥಾಲಯದಲ್ಲಿ ಕೆಲಸವೇನೋ ಸಿಕ್ಕಿತ್ತು, ಜನ ಹಿಂದಿರುಗಿಸಿದ ಪುಸ್ತಕಗಳನ್ನು ಅವುಗಳ ಕಪಾಟಿನಲ್ಲಿ ಇಡುವ ಕೆಲಸ. ಆಸ್ಪತ್ರೆಯಲ್ಲಿ ದಿನವಿಡೀ ಬೇರೆಯವರ ಮಕ್ಕಳಿಗೆ ಧೈರ್ಯ ಹೇಳುವ ನರ್ಸು ನನ್ನ ಹೆಂಡತಿ, ತನ್ನ ಮಗಳ ಫೋನು ಇಟ್ಟ ಮೇಲೆ ಕಣ್ಣೊರೆಸಿಕೊಳ್ಳುವಳು. ನನಗೋ ಒಳಗೊಳಗೇ ಸಿಟ್ಟು. ಎರಡನೆಯ ವರ್ಷದ ಶುಲ್ಕಕ್ಕೆ, ಊರ ಹತ್ತಿರದ ಸಂತೆಕಟ್ಟೆಯಲ್ಲಿ ಮನೆ ಕಟ್ಟಲೆಂದು ತೆಗೆದಿಟ್ಟ ಸೈಟನ್ನು ಮಾರಬೇಕು. ನನ್ನ ಮಗಳ ಹೆಸರೂ ತಿಳಿಯದ ಜಾಗಕ್ಕಾಗಿ ಅದನ್ನು ಮಾರುವುದೇ? ಜನವರಿಯ ಒಂದು ದಿನ ನಾನು ಅವಳಿಗೆ ಹೇಳಿಬಿಟ್ಟೆ: "ಮೇ ತಿಂಗಳಲ್ಲಿ ಬಂದುಬಿಡು ಮಗಾ, ಸಾಕು. ಮತ್ತಿಂದು ಊರಿನಲ್ಲಿ ನೋಡುವ."  ಅವಳು ಆಯಿತು ಎಂದಳು.

ಈ ವಿಷಯವನ್ನು ಮೇಲಿನ ಮಹಡಿಯ ಫೆಲಿಕ್ಸರ ಮುಂದೆ ತೋಡಿಕೊಂಡೆ. ಬಜ್ಪೆ ಕಡೆಯ ಫೆಲಿಕ್ಸರು ಇಲ್ಲಿಯ ದೊಡ್ಡ ಹೋಟೆಲೊಂದರಲ್ಲಿ ಮುಖ್ಯ ಬಾಣಸಿಗರು, ಮನುಷ್ಯರನ್ನೆಲ್ಲ ಹಸಿದವರು ಮತ್ತು ಉಂಡವರು ಎಂದು ಎರಡೇ ಜಾತಿಯಾಗಿ ಕಂಡವರು. ಖಲ್ಲಿವಲ್ಲಿ, ಬಿಟ್ಟುಬಿಡಿ ಚಿಂತೆ ಎಂದು ಎಂದಿನಂತೆ ಕೈಯಾಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಗಂಭೀರವಾಗಿ ಯೋಚಿಸಿ ಹೇಳಿದರು: "ನೋಡಿ ಮಾರಾಯ್ರೆ, ದೊಡ್ಡ ಕಿಚನ್ನಿನಲ್ಲಿ ನಿಮ್ಮ ಊಟ ಆಯ್ತಾ ಅಂತ ಯಾರೂ ಕೇಳುದಿಲ್ಲ. ಆದ್ರೆ ಯಾವ ಹೊತ್ತಿಗೆ ಹೋದ್ರೂ ಊಟ ಉಂಟು. ನಾವೇ ಹೋಗಿ ಕೇಳ್ಬೇಕು, ಅಷ್ಟೆ." ನನಗೆ ಆಗ ಆ ಮಾತು ರುಚಿಸಲಿಲ್ಲ. ಅಡಿಗೆಯವರಿಗೆ ಎಲ್ಲವೂ ಅಡಿಗೆಯಂತೆ ಕಾಣುತ್ತದೆ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಮೆಟ್ಟಿಲಿಳಿದೆ.

ಮಾರ್ಚಿನ ಒಂದು ಶುಕ್ರವಾರ, ರಜೆಯ ದಿನ, ಮಾರ್ಕೆಟಿನಿಂದ ಹಮೂರ್ ಮೀನು ತಂದು ವಾರಿಜ ಪುಳಿಮುಂಚಿ ಸಾರು ಮಾಡಿದ್ದಳು. ಉಂಡು ಒರಗಿದ್ದೆ. ಅನ್ವಿತಾಳ ವಿಡಿಯೋ ಕಾಲ್ ಬಂತು. ಅವಳಿಗಾಗ ಬೆಳಿಗ್ಗೆ. ಮುಖ ಕಾಣಲಿಲ್ಲ, ಪರದೆಯ ತುಂಬ ಒಂದು ಮೀನು. ಕಪ್ಪು ಶಾಯಿಯಲ್ಲಿ ಬರೆದ, ಪ್ರತಿಯೊಂದು ರೆಕ್ಕೆಯೂ ಸ್ಪಷ್ಟವಿರುವ ಚಿತ್ರ, ಅದರ ಕೆಳಗೆ ಕನ್ನಡದ ಅಕ್ಷರ.

"ಪಪ್ಪ, ಇದು ಓದಿ. ಇದು ಎಂತ ಬರ್ದದ್ದು?"

ನಾನು ಎದ್ದು ಕೂತು ಕನ್ನಡಕ ಹಾಕಿಕೊಂಡು ಓದಿದೆ. "ಮುರು."

"ಮುರು ಅಂದ್ರೆ ನಮ್ಮ ಹಮೂರ್ ಅಲ್ವಾ? ನನಗೆ ಚಿತ್ರ ನೋಡಿಯೇ ಗೊತ್ತಾಯ್ತು."

ಕಪಾಟು ಜೋಡಿಸುವಾಗ ಅವಳಿಗೆ ಅದು ಸಿಕ್ಕಿತ್ತಂತೆ. ನಮ್ಮ ಕರಾವಳಿಯ ಮೀನುಗಳ ಬಗ್ಗೆ ಎಂದೋ ಅಚ್ಚಾದ ಒಂದು ತೆಳುವಾದ ಕನ್ನಡ ಪುಸ್ತಕ. ಮಲ್ಪೆಯಲ್ಲೂ ನಾನು ಕಾಣದ ಪುಸ್ತಕ. ಅವಳು ಒಂದೊಂದೇ ಪುಟ ತಿರುವಿದಳು, ನಾನು ಒಂದೊಂದೇ ಹೆಸರು ಓದಿದೆ. ಅಂಜಲ್, ಮಾಂಜಿ, ಕಾಣೆ, ನಂಗ್, ತೊರಕೆ. ಒಂದು ಕಡೆ ಬೂತಾಯಿಗೆ ಕುಂದಾಪುರದ ಕಡೆ ಬೈಗೆ ಎನ್ನುತ್ತಾರೆಂದೂ ಬರೆದಿತ್ತು. ವಾರಿಜ ಕೈಯೊರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ತೀರಿಕೊಂಡ ನನ್ನ ತಂದೆಯವರ ಬಾಯಿಂದ ನಾನು ಕೇಳುತ್ತಿದ್ದ ಹೆಸರುಗಳು ಜೋಳದ ಹೊಲಗಳ ನಡುವಿನಿಂದ ಹೊರಟು ಅದ್ಲಿಯಾದ ನಮ್ಮ ಹಜಾರದಲ್ಲಿ ಕೇಳಿಸುತ್ತಿದ್ದವು.  

ಕೊನೆಯ ಪುಟಕ್ಕೆ, ಯಾರು ಎಂದು ಒಯ್ದರೆಂದು ಮೊಹರು ಹಾಕುವ ಚೀಟಿ ಅಂಟಿಸಿತ್ತು. ಚೀಟಿ ಖಾಲಿ. ಆ ಪುಸ್ತಕ ಅಲ್ಲಿಗೆ ಬಂದಂದಿನಿಂದ ಒಬ್ಬರೂ ಅದನ್ನು ಮನೆಗೆ ಒಯ್ದಿಲ್ಲ.  ನಮ್ಮ ಸ್ಟೋರಿನಲ್ಲಾಗಿದ್ದರೆ ಮೂರನೆಯ ವರ್ಷವೇ ಕೆಂಪು ಚೀಟಿ, ಗುಜರಿ. ಯಾರೂ ಕೇಳದ ಪುಸ್ತಕವನ್ನು ಇಷ್ಟು ಕಾಲ ಯಾಕೆ ಇಟ್ಟಿದ್ದೀರೆಂದು ಅವಳು ಅಲ್ಲಿಯ ಹಿರಿಯ ಗ್ರಂಥಪಾಲಕಿಯನ್ನು ಕೇಳಿದಳಂತೆ. ಯಾರು ಬರುತ್ತಾರೋ ನಮಗೆ ಗೊತ್ತಿರುವುದಿಲ್ಲವಲ್ಲ, ಅದಕ್ಕೇ ಇಡುವುದು ಎಂದು ಆಕೆ ಇದರಲ್ಲಿ ಕೇಳುವುದೇನಿದೆ ಎಂಬಂತೆ ಹೇಳಿ ತನ್ನ ಕೆಲಸಕ್ಕೆ ಹೋದಳಂತೆ. ಅದೇ ವಾರ ಅನ್ವಿತಾ ಆ ಪುಸ್ತಕ ಹಿಡಿದುಕೊಂಡು, ಬೆರಳಷ್ಟು ಕಾಣುತ್ತಿದ್ದ ಆ ಮೇಷ್ಟ್ರ ಕೋಣೆಗೆ ತಾನಾಗಿ ಹೋಗಿ ಬಾಗಿಲು ತಟ್ಟಿದಳು. ಅವರು ಅಜ್ಜನ ನೋಟ್‌ಬುಕ್ಕಿನ ವಿಚಾರ ಕೇಳಿ ಕುರ್ಚಿ ಎಳೆದು ಕೂರಿಸಿದರು. ಗಾಳಿ, ನೀರು, ಮೀನು ಮೂರನ್ನೂ ದಿನವೂ ಬರೆದಿಟ್ಟ ಮೀನುಗಾರರು ಎಷ್ಟು ಜನ ಇದ್ದಾರು, ಅದನ್ನು ನಾನು ನೋಡಬೇಕಲ್ಲ ಎಂದರಂತೆ. ಅವಳ ಹೆಸರೇನೆಂದೂ ಕೇಳಿದರಂತೆ.

ಅಂದಿನಿಂದ ನಾನು ದೊಡ್ಡದು ಎಂಬ ಮಾತನ್ನು ಬೇರೆ ರೀತಿ ಯೋಚಿಸತೊಡಗಿದೆ. ಚಿಕ್ಕ ವಿದ್ಯಾಲಯ ನಿಮ್ಮನ್ನು ಪ್ರೀತಿಯಿಂದ ಗುರುತಿಸುತ್ತದೆ, ನಿಜ. ಆದರೆ ಅದು ಬರುವವರನ್ನು ನಿರೀಕ್ಷಿಸಿ ಅವರಿಗೆ ಬೇಕಾದದ್ದನ್ನು ಮಾತ್ರ ಇಟ್ಟುಕೊಂಡಿರುತ್ತದೆ. ಮಲ್ಪೆಯ ಬಲೆಗಾರನ ಮೊಮ್ಮಗಳು ಬಹರೈನಿನಿಂದ ಬಂದಾಳೆಂದು ಯಾರು ತಾನೇ ನಿರೀಕ್ಷಿಸಲು ಸಾಧ್ಯ? ಎಂದೂ ಬಾರದಿರಬಹುದಾದವರಿಗೂ ಒಂದು ಗೇಣು ಕಪಾಟು ತೆಗೆದಿಡುವ ಔದಾರ್ಯಕ್ಕೆ ಬಹು ವಿಸ್ತಾರವಾದ ಮನೆ ಬೇಕು. ಆ ಮನೆಯನ್ನು ಕಟ್ಟಿದವರು ಯಾರು? ಕನ್ನಡದ ಒಂದಕ್ಷರವನ್ನೂ ಕಾಣದ, ಮೀನೆಂದರೆ ಕೆರೆಯದ್ದೇ ಎಂದು ತಿಳಿದ, ಜೋಳ ಬೆಳೆದು ತೆರಿಗೆ ಕೊಟ್ಟ ರೈತರು. ಅವರ ಮಕ್ಕಳಿಗೆ ಕಡಿಮೆ, ನಮಗೆ ಹೆಚ್ಚು ಎಂಬುದು ನನ್ನ ಗಂಟಲಲ್ಲಿ ಸಿಕ್ಕಿದ್ದ ಮುಳ್ಳು. ರಂಪಣಿಯವರ ಮಗನಾದ ನನಗೆ ಇದು ಮೊದಲೇ ತಿಳಿಯಬೇಕಿತ್ತು. ಬಲೆ ಹೆಣೆದವರಿಗೆ, ವರ್ಷಗಟ್ಟಲೆ ಹಗ್ಗ ಎಳೆದವರಿಗೆ ಪಾಲು ಬೇರೆ. ಅಂದು ಬೆಳಿಗ್ಗೆ ದಡಕ್ಕೆ ಬಂದು ಹಗ್ಗ ಮುಟ್ಟಿದವನಿಗೆ ಬೇರೆ. ತಡವಾಗಿ ಬಂದವನನ್ನು ಬರಿಗೈಯಲ್ಲಿ ಕಳಿಸುವುದಿಲ್ಲ ಎಂಬುದೇ ಆ ದಡದ ದೊಡ್ಡತನ.

ಹಾಗೆಂದು ಎಲ್ಲರ ಮಕ್ಕಳನ್ನೂ ಸೈಟು ಮಾರಿ ಅಲ್ಲಿಗೆ ಕಳಿಸಿ ಎಂದು ನಾನು ಹೇಳಲಾರೆ. ಫೆಲಿಕ್ಸರ ಮಾತಿನಲ್ಲಿ ಒಂದು ಎಚ್ಚರವೂ ಇತ್ತು, ಕೇಳಬೇಕು ಅಷ್ಟೆ ಎಂಬುದು. ಕೇಳಲು ನಾಚುವ ಮಗುವಿಗೆ ಆ ಅಗಾಧ ಅಡಿಗೆಮನೆಯಲ್ಲಿ ಉಪವಾಸವೇ ಗತಿ, ನನ್ನ ಮಗಳೂ ಆರು ತಿಂಗಳು ಹಾಗೆ ಕಳೆದಳು. ಆದರೆ ಬಾಗಿಲು ತಟ್ಟಿದ ಮೇಲೆ ಸಿಕ್ಕಿದ್ದನ್ನು ನೆನೆದರೆ ನನಗೆ ಆ ಜಾಗದ ಬಗ್ಗೆ ಗೌರವವಲ್ಲದೆ ಬೇರೇನೂ ಉಳಿದಿಲ್ಲ.

ಏಪ್ರಿಲಿನಲ್ಲಿ ಅವಳು ನಾನು ಹೇಳಿದ ಮೇ ತಿಂಗಳ ಮಾತನ್ನು ತಾನೇ ಎತ್ತಿದಳು. "ಬರ್ತೇನೆ ಪಪ್ಪ. ಆದ್ರೆ ನನಗೆ ಆಗಸ್ಟಲ್ಲಿ ವಾಪಸ್ ಹೋಗ್ಬೇಕು." ಬೇಡಿಕೊಳ್ಳುವ ದನಿಯಲ್ಲ, ಅಳುವ ದನಿಯೂ ಅಲ್ಲ. ನಾನು ವಾರಿಜಳ ಮುಖ ನೋಡಿದೆ. ಅವಳು ಆಗಲೇ ತಲೆಯಾಡಿಸಿಯಾಗಿತ್ತು. ಸಂತೆಕಟ್ಟೆಯ ಸೈಟು ಜೂನಿನಲ್ಲಿ ಹೋಯಿತು. ಸಹಿ ಹಾಕುವಾಗ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಪೆನ್ನು ತಡವರಿಸಲಿಲ್ಲ.

ಆ ಬೇಸಿಗೆಯಲ್ಲಿ ಬಿಸಿಲಿಗೆ ಹೆದರಿ ಒಳಗೇ ಕೂತ ದಿನಗಳಲ್ಲಿ ಅನ್ವಿತಾ ಅಮ್ಮನಿಂದ ಕನ್ನಡದ ಅಕ್ಷರ ಕಲಿತಳು. ಬೇರೆ ಪಾಠಪುಸ್ತಕವಿರಲಿಲ್ಲ, ಅಜ್ಜನ ನೋಟ್‌ಬುಕ್ಕೇ ಪಾಠ. ಅವಳು ಮೊದಲು ಸ್ವತಂತ್ರವಾಗಿ ಓದಿದ ಕನ್ನಡದ ವಾಕ್ಯ, ಬಂಗುಡೆ ಬಂತು, ನೀರು ತಿಳಿ. ಆ ನೋಟ್‌ಬುಕ್ಕನ್ನು ತಮ್ಮಲ್ಲಿ ಜೋಪಾನವಾಗಿ ಇಡಲು ಒಪ್ಪುವಿರಾ ಎಂದು, ಮೇಷ್ಟ್ರಿಂದ ವಿಷಯ ತಿಳಿದ ಗ್ರಂಥಾಲಯದವರು ಪತ್ರ ಬರೆದಿದ್ದರು. ನಾನು ಒಂದು ವಾರ ಯೋಚಿಸಿದೆ. ನನ್ನ ವೀಸಾ ಮುಗಿದ ದಿನ ಈ ಫ್ಲ್ಯಾಟು ಖಾಲಿಯಾಗುತ್ತದೆ, ಊರಿನಲ್ಲಿ ಕಟ್ಟಬೇಕಿದ್ದ ಮನೆ ಇನ್ನು ಕಟ್ಟುವುದಿಲ್ಲ. ನನ್ನ ತಂದೆಯವರ ಎರಡೆರಡು ಸಾಲುಗಳನ್ನು, ಯಾರು ಬರುತ್ತಾರೋ ಗೊತ್ತಿಲ್ಲವೆಂದು ಕಾದಿಡುವವರು ಬೇರೆ ಯಾರಿದ್ದಾರೆ? ಒಪ್ಪಿದ್ದೇವೆ ಎಂದು ಬರೆದೆ. ಈ ಸಲ ಯಾವ ಮೊಹರೂ ಹಾಕಿಸಲಿಲ್ಲ.

ಆಗಸ್ಟಿನಲ್ಲಿ ತಕ್ಕಡಿ ಮತ್ತೆ ಮೊಳೆಯಿಂದ ಇಳಿಯಿತು. ಸೂಟ್‌ಕೇಸು ಎತ್ತಿದೆ, ಮುಳ್ಳು ಮಿತಿ ದಾಟಿ ನಿಂತಿತು. ನಾನು ಒಳಗೆ ಕೈ ಹಾಕಿ ಕುಚ್ಚಲಕ್ಕಿಯ ಪೊಟ್ಟಣವನ್ನು ಹೊರಗೆ ತೆಗೆದೆ. ವಾರಿಜ ನೋಡಿದಳು, ಪೊಟ್ಟಣವನ್ನು ಎತ್ತಿಕೊಂಡು ಒಳಗೆ ಹೋದಳು. ಅನ್ವಿತಾ ನನ್ನನ್ನು ಕೆಣಕಲೆಂದೇ ನೋಟ್‌ಬುಕ್ಕನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೊಕ್ಕೆಗೆ ನೇತುಹಾಕಿದಳು. ನಾನು ಉಸಿರು ಬಿಗಿಹಿಡಿದು ಎತ್ತಿದೆ. ಮುಳ್ಳು ಸೊನ್ನೆಯಲ್ಲೇ ಇತ್ತು. ಗಾಜಿನ ಮೇಲೆ ಬೆರಳಿನಿಂದ ತಟ್ಟಿದೆ, ಆಗಲೂ ಅದು ಅಲುಗಲಿಲ್ಲ.

"ಎಷ್ಟು ಬಂತು?" ಎಂದು ವಾರಿಜ ಒಳಗಿನಿಂದ ಕೇಳಿದಳು.

ನಾನು ಚೀಲವನ್ನು ಕೊಕ್ಕೆಯಿಂದ ಬಿಡಿಸಿ ನೋಟ್‌ಬುಕ್ಕನ್ನು ಮಗಳ ಕೈಗೆ ಕೊಟ್ಟೆ, ಅವಳು ಅದನ್ನು ಪೆಟ್ಟಿಗೆಯಲ್ಲಿ ಇಡದೆ ಹೆಗಲ ಚೀಲದೊಳಗೆ ಇಟ್ಟುಕೊಂಡಳು.

"ಇದ್ರಲ್ಲಿ ಗೊತ್ತಾಗುದಿಲ್ಲ ಮಾರಾಯ್ತಿ" ಎಂದೆ.